ಪದಕವಿಲ್ಲದ ದೇಶಗಳು

ನಾಲ್ಕು ವರ್ಷಗಳಿಗೊಮ್ಮೆ ಒಲಿಂಪಿಕ್ ಕ್ರೀಡಾಕೂಟವು ನೆರೆದಾಗ ಪ್ರಪಂಚದ ದೇಶಗಳೆಲ್ಲವೂ ಒಂದೇ ಪಟ್ಟಿಯಲ್ಲಿ ಮೇಲುಕೆಳಗಾಗಿ ನಿಲ್ಲುವುವು. ಯಾವ ದೇಶಕ್ಕೆ ಎಷ್ಟು ಚಿನ್ನ, ಎಷ್ಟು ಬೆಳ್ಳಿ, ಎಷ್ಟು ಕಂಚು ಎಂಬ ಲೆಕ್ಕವು ದಿನದಿನವೂ ಮನೆಮನೆಗೆ ಬಂದು ಮುಟ್ಟುವುದು. ಬೆಳಗಿನ ಕಾಫಿಯೊಡನೆ ಆ ಪಟ್ಟಿಯ ಮೇಲೆ ಒಮ್ಮೆ ಕಣ್ಣಾಡಿಸದ ಗೃಹಸ್ಥರು ವಿರಳ. ಮೊದಲು ನಮ್ಮ ದೇಶದ ಹೆಸರು ಎಲ್ಲಿದೆಯೆಂದು ಹುಡುಕುವೆವು; ಅದು ಕೆಳಗೆಲ್ಲಿಯೋ ಸಿಕ್ಕಿದ ಮೇಲೆ ನಿಟ್ಟುಸಿರುಬಿಟ್ಟು ಪತ್ರಿಕೆಯನ್ನು ಮಡಿಸಿಡುವೆವು. ಆದರೆ ಆ ಪಟ್ಟಿಯಲ್ಲಿ ಹೆಸರೇ ಕಾಣದ ದೇಶಗಳ ಕಡೆಗೆ ನಮ್ಮ ಗಮನವು ಹೋಗುವುದು ಅಪೂರ್ವ. ಇಲ್ಲದ ಹೆಸರನ್ನು ಓದುವುದಾದರೂ ಹೇಗೆ?

2024ರಲ್ಲಿ ಪ್ಯಾರಿಸ್ ನಗರದಲ್ಲಿ ನಡೆದ ಕೂಟಕ್ಕೆ ಇನ್ನೂರಕ್ಕೂ ಮೇಲ್ಪಟ್ಟ ದೇಶಗಳಿಂದಲೂ ಪ್ರಾಂತಗಳಿಂದಲೂ ಸುಮಾರು 10,500 ಮಂದಿ ಆಟಗಾರರು ಬಂದಿದ್ದರು. 329 ಸ್ಪರ್ಧೆಗಳು ನಡೆದುವು. ಇಷ್ಟಾದರೂ ಪದಕವು ದೊರೆತುದು ತೊಂಬತ್ತು ಚಿಲ್ಲರೆ ತಂಡಗಳಿಗೆ ಮಾತ್ರ. 1896ರಲ್ಲಿ ಅಥೆನ್ಸಿನಲ್ಲಿ ಹೊಸ ಒಲಿಂಪಿಕ್ ಆರಂಭವಾದಂದಿನಿಂದ ಪ್ಯಾರಿಸ್ ಕೂಟವು ಮುಗಿಯುವವರೆಗೆ ಒಂದು ಕಂಚನ್ನೂ ಕಾಣದ ದೇಶಗಳು ಅರುವತ್ತಕ್ಕಿಂತ ಹೆಚ್ಚಾಗಿವೆ. ಇವುಗಳಲ್ಲಿ ಸಮುದ್ರದ ನಡುವಣ ಸಣ್ಣ ದ್ವೀಪಗಳೇ ಇದ್ದಿದ್ದರೆ ಆಶ್ಚರ್ಯವಿರುತ್ತಿರಲಿಲ್ಲ. ಆದರೆ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದಂತಹ ಮಹಾದೇಶವೂ, ಮ್ಯಾನ್ಮಾರ್, ಅಂಗೋಲ, ಮಡಗಾಸ್ಕರ್, ಬೊಲಿವಿಯ, ನೇಪಾಳ ಮೊದಲಾದುವೂ ಈ ಗುಂಪಿನಲ್ಲಿವೆ. ನೇಪಾಳದ ತರುಣನೊಬ್ಬನು 1988ರಲ್ಲಿ ಸೋಲ್ ನಗರದ ಕೂಟದಲ್ಲಿ ಟೈಕ್ವಾಂಡೋ ಆಟದಲ್ಲಿ ಕಂಚನ್ನು ಪಡೆದನು. ಆದರೆ ಆ ಆಟವನ್ನು ಆಗ ಪ್ರದರ್ಶನಕ್ಕೆಂದು ಮಾತ್ರ ಇಟ್ಟಿದ್ದುದರಿಂದ ಅದು ಲೆಕ್ಕಕ್ಕೆ ಬರಲಿಲ್ಲ. ಇವರೆಲ್ಲರಿಗಿಂತಲೂ ದೊಡ್ಡ ಸೋಜಿಗವೆಂದರೆ ನಮ್ಮ ನೆರೆಯ ಬಂಗ್ಲಾದೇಶವೇ ಆಗಿರುವುದು. ಸುಮಾರು 17 ಕೋಟಿ ಜನರ ಆ ದೇಶವು 1984ರಿಂದ ಪ್ರತಿಯೊಂದು ಬೇಸಗೆಯ ಒಲಿಂಪಿಕ್ಕಿಗೂ ತನ್ನವರನ್ನು ಕಳುಹಿಸುತ್ತಿದೆ. ಒಂದು ಪದಕವೂ ಬಂದಿಲ್ಲ. ಪದಕವಿಲ್ಲದ ದೇಶಗಳಲ್ಲಿ ಜನಸಂಖ್ಯೆಯಿಂದ ಮೊದಲನೆಯದು ಅದೇ.

ಈ ಸಂಗತಿಯನ್ನು ಮನೆಯಲ್ಲಿ ಓದಿ ಹೇಳುತ್ತಿದ್ದಾಗ ಹುಡುಗನೊಬ್ಬನು ನಮ್ಮನ್ನು ಕೇಳಿದನು: “ಹಾಗಾದರೆ ಆ ದೇಶದವರಿಗೆ ಓಡುವುದಕ್ಕೆ ಬರುವುದಿಲ್ಲವೇ?” ಮಕ್ಕಳ ಪ್ರಶ್ನೆಗಳು ಸುಲಭವಾಗಿ ಕಾಣುವುವು, ಉತ್ತರಗಳು ಹಾಗಲ್ಲ. ಆ ಪ್ರಶ್ನೆಗೆ ಉತ್ತರವನ್ನು ಹುಡುಕಹೊರಟ ನಮಗೆ ತೋರಿದ ವಿಷಯಗಳನ್ನು ವಾಚಕರ ಮುಂದಿಡುವೆವು.

ಮೊದಲು, ಸುಲಭವಾಗಿ ನಾಲಗೆಗೆ ಬರುವ ಒಂದು ಉತ್ತರವನ್ನು ಬದಿಗಿಡಬೇಕು. “ಅವರ ಮೈಕಟ್ಟೇ ಅಷ್ಟು, ಅನ್ನ ಮೀನು ತಿಂದು ಬೆಳೆದವರು, ಬಲಿಷ್ಠ ಜನಾಂಗಗಳ ಮುಂದೆ ನಿಲ್ಲಲಾರರು” ಎಂದು ಹೇಳುವವರುಂಟು. ಇದು ನಿಜವಲ್ಲ. 2016ರಲ್ಲಿ ರಿಯೋ ನಗರದ ಕೂಟದಲ್ಲಿ, ಸಂಗೀತಕ್ಕೆ ಸರಿಯಾಗಿ ಚೆಂಡು ಪಟ್ಟಿಗಳನ್ನಾಡಿಸುತ್ತ ಮೈಯನ್ನು ಬಳುಕಿಸುವ ಅಂಗಸಾಧನೆಯಲ್ಲಿ, ರಷ್ಯದ ಪರವಾಗಿ ಚಿನ್ನವನ್ನು ಗೆದ್ದ ಮಾರ್ಗರೀಟ ಮಾಮುನ್ ಎಂಬ ಕನ್ಯೆಯ ತಂದೆಯು ಬಂಗ್ಲಾದೇಶದ ರಾಜಶಾಹಿಯವರು. ತಾಯಿ ರಷ್ಯದವರು, ಬೆಳೆದುದು, ಕಲಿತುದು ಮಾಸ್ಕೋದಲ್ಲಿ. ಇನ್ನೂ ಹಿಂದೆ ಹೋದರೆ, ಢಾಕಾ ಸೀಮೆಯ ವಿಕ್ರಮಪುರದಲ್ಲಿ ಹುಟ್ಟಿದ ಬ್ರಜೇನ್ ದಾಸರು 1958ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ಈಜಿ ದಾಟಿದರು. ಏಷ್ಯಖಂಡದವರಲ್ಲಿ ಆ ಸಾಹಸವನ್ನು ಮಾಡಿದವರು ಅವರೇ ಮೊದಲಿಗರು. ಅನಂತರವೂ ಹಲವು ಬಾರಿ ಅದನ್ನು ದಾಟಿದರು. ನದಿಗಳ ನಾಡಿನ ಮನುಷ್ಯನಿಗೆ ತೋಳುಬಲವೂ ಎದೆಗಾರಿಕೆಯೂ ಇರುವುವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಬೀಜದಲ್ಲಿ ದೋಷವಿಲ್ಲದಿರುವಾಗ ನೆಲವನ್ನೂ ನೀರನ್ನೂ ನೋಡಬೇಕಷ್ಟೆ.

ಎರಡನೆಯದಾಗಿ ಜನಸಂಖ್ಯೆಯ ಮಾತು. ಜನ ಹೆಚ್ಚಿದ್ದರೆ ಪ್ರತಿಭಾವಂತರೂ ಹೆಚ್ಚಿರಬೇಕು, ಪದಕಗಳೂ ಹೆಚ್ಚು ಬರಬೇಕು ಎಂಬುದು ಒಪ್ಪತಕ್ಕ ತರ್ಕವಾಗಿ ಕಾಣುವುದು. ಅರ್ಥಶಾಸ್ತ್ರಜ್ಞರೂ ಜನಸಂಖ್ಯೆಗೆ ಸ್ವಲ್ಪ ಬೆಲೆಯನ್ನು ಕೊಟ್ಟಿದ್ದಾರೆ. ಆದರೆ ಈ ತರ್ಕಕ್ಕೆ ಒಂದು ಮಿತಿಯುಂಟು. ಒಂದೊಂದು ಸ್ಪರ್ಧೆಗೆ ಒಂದೊಂದು ದೇಶವು ಕಳುಹಿಸಬಹುದಾದವರ ಸಂಖ್ಯೆಯನ್ನು ನಿಯಮವು ಕಟ್ಟಿಹಾಕಿದೆ. ನೂರು ಮೀಟರಿನ ಓಟಕ್ಕೆ ಮೂವರಿಗಿಂತ ಹೆಚ್ಚು ಮಂದಿಯನ್ನು ಯಾವ ದೇಶವೂ ಕಳುಹಿಸುವಂತಿಲ್ಲ. ಹನ್ನೊಂದು ಮಂದಿ ಸೇರಿ ಹಾಕಿಯಲ್ಲಿ ಗೆದ್ದರೂ ಪಟ್ಟಿಯಲ್ಲಿ ಅದು ಒಂದೇ ಪದಕ. ಅದಕ್ಕಿಂತಲೂ ಮುಖ್ಯವಾದುದೇನೆಂದರೆ, ತಲೆಗಳನ್ನು ಎಣಿಸುವುದು ಬೇರೆ, ಆಟದ ಬಯಲಿನಲ್ಲಿ ಕಾಲಿಟ್ಟವರನ್ನು ಎಣಿಸುವುದು ಬೇರೆ. ಕೋಟಿ ಜನರಿರುವ ನಾಡಿನಲ್ಲಿ ಈಜುಕೊಳವನ್ನು ಕಂಡ ಮಕ್ಕಳು ಸಾವಿರವಾದರೆ, ಈಜಿನ ಪಂದ್ಯದ ಮಟ್ಟಿಗೆ ಆ ನಾಡಿನ ಜನಸಂಖ್ಯೆಯು ಸಾವಿರವೇ ಸರಿ.

ಮೂರನೆಯದು ಐಶ್ವರ್ಯ. ಹಣವಿರುವ ದೇಶಗಳು ಹೆಚ್ಚು ಗೆಲ್ಲುವುವೆಂಬುದರಲ್ಲಿ ಸಂದೇಹವಿಲ್ಲ. ಕುದುರೆ ಸವಾರಿ, ಹಾಯಿದೋಣಿ, ಸೈಕಲ್ ಪಂದ್ಯಗಳು ಬಡವನ ಅಂಗಳದಲ್ಲಿ ಕಲಿಯತಕ್ಕ ವಿದ್ಯೆಗಳಲ್ಲ. ಆದರೆ ಹಣವೊಂದೇ ಸಾಲದೆಂಬುದಕ್ಕೂ ನಿದರ್ಶನಗಳುಂಟು. ಫ್ರಾನ್ಸಿನ ಮಗ್ಗುಲಲ್ಲಿರುವ ಮೊನಾಕೋ ಸಂಸ್ಥಾನವು ಧನಿಕರ ಬೀಡು. 1920ರಿಂದಲೂ ಕೂಟಗಳಿಗೆ ಹೋಗುತ್ತಿದೆ. ಪಟ್ಟಿಯಲ್ಲಿ ಅದರ ಹೆಸರಿಲ್ಲ. 1924ರಲ್ಲಿ ಅಲ್ಲಿಯವರೊಬ್ಬರಿಗೆ ಕಂಚು ದೊರೆತುದು ವಾಸ್ತುವಿದ್ಯೆಯ ಸ್ಪರ್ಧೆಯಲ್ಲಿ. ಕಲೆಗಳ ಸ್ಪರ್ಧೆಯೂ ಆಗ ಒಲಿಂಪಿಕ್ಕಿನ ಅಂಗವಾಗಿದ್ದಿತು, ಇಂದು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆಫ್ರಿಕದ ಈಕ್ವಟೋರಿಯಲ್ ಗಿನಿ ಎಂಬ ಸಣ್ಣ ದೇಶದ ಕಥೆಯು ಇದಕ್ಕಿಂತಲೂ ಬೋಧಪ್ರದವಾಗಿದೆ. ಕಳೆದ ಶತಮಾನದ ಕೊನೆಯಲ್ಲಿ ಅಲ್ಲಿ ಕಲ್ಲೆಣ್ಣೆ ದೊರೆತು ಹಣವು ಹೊಳೆಯಾಗಿ ಹರಿಯಿತು. 2000ದಲ್ಲಿ ಸಿಡ್ನಿ ನಗರದ ಕೂಟಕ್ಕೆ ಆ ದೇಶದಿಂದ ಎರಿಕ್ ಮುಸಂಬಾನಿ ಎಂಬ ತರುಣನು ಈಜುವುದಕ್ಕೆ ಬಂದನು. ಹಿಂದುಳಿದ ದೇಶಗಳವರಿಗೂ ಅವಕಾಶವಿರಲೆಂದು ಅರ್ಹತೆಯ ಕಟ್ಟಳೆಯನ್ನು ಸಡಿಲಿಸಿ ಕೊಡುವ ಸ್ಥಾನದಲ್ಲಿ ಅವನು ಬಂದಿದ್ದನು. ಅವನು ಈಜು ಕಲಿಯತೊಡಗಿ ಇನ್ನೂ ಒಂದು ವರ್ಷವೂ ಆಗಿರಲಿಲ್ಲ. ಅಭ್ಯಾಸ ಮಾಡಿದುದು ಒಂದು ಹೋಟೆಲಿನ ಸಣ್ಣ ಕೊಳದಲ್ಲಿ. ಐವತ್ತು ಮೀಟರಿನ ಕೊಳವನ್ನು ಅವನು ಕಣ್ಣಾರೆ ಕಂಡುದೇ ಸಿಡ್ನಿಯಲ್ಲಿ. ಅವನೊಡನೆ ಈಜಬೇಕಾಗಿದ್ದ ಇನ್ನಿಬ್ಬರು ಸಂಜ್ಞೆಗೆ ಮೊದಲೇ ನೀರಿಗೆ ಹಾರಿ ಅನರ್ಹರಾದರು. ಸಾವಿರಾರು ಜನರ ಮುಂದೆ ಅವನೊಬ್ಬನೇ ಈಜತೊಡಗಿದನು. ಕಡೆಯ ಭಾಗದಲ್ಲಿ ಕೈಕಾಲುಗಳು ಸೋತು, ಮುಳುಗುವನೋ ಎಂದು ನೋಡುವವರು ಹೆದರುವಂತಾಯಿತು. ಜನರು ಎದ್ದುನಿಂತು ಕೂಗಿ ಹುರಿದುಂಬಿಸಲು ಅಂತೂ ಗುರಿ ಮುಟ್ಟಿದನು. ಆ ಪಂದ್ಯದ ವಿಜೇತನು 48 ಸೆಕೆಂಡುಗಳಲ್ಲಿ ಮುಗಿಸಿದ ನೂರು ಮೀಟರಿಗೆ ಇವನಿಗೆ ಹಿಡಿದುದು 1 ನಿಮಿಷ 52 ಸೆಕೆಂಡು. ಕೆಲವರು ನಕ್ಕರು. ಆದರೆ ಮುಂದಿನ ನಾಲ್ಕು ವರ್ಷಗಳಲ್ಲಿ ಅದೇ ತರುಣನು ಅಭ್ಯಾಸಬಲದಿಂದ ಅದೇ ದೂರವನ್ನು ಒಂದು ನಿಮಿಷದೊಳಗೆ ಈಜುವಂತಾದನೆಂಬುದು ನಕ್ಕವರಲ್ಲಿ ಎಷ್ಟು ಮಂದಿಗೆ ತಿಳಿದಿದೆ? ಅವನಿಗೆ ಬೇಕಾಗಿದ್ದುದು ಬೇರೆ ಮೈಯಲ್ಲ. ಹತ್ತನೆಯ ವಯಸ್ಸಿನಲ್ಲಿ ಒಂದು ಕೊಳ, ಒಬ್ಬ ಗುರು. ದೇಶದ ಬೊಕ್ಕಸಕ್ಕೆ ಬಂದ ಹಣವು ಮಕ್ಕಳ ಆಟದ ಬಯಲಿಗೆ ಬಂದು ಸೇರದಿದ್ದರೆ ಅದು ಇದ್ದೂ ಇಲ್ಲದಂತೆಯೇ.

ಈಗ ಬಂಗ್ಲಾದೇಶಕ್ಕೆ ಹಿಂದಿರುಗೋಣ. ಒಂದು ಚದರ ಕಿಲೋಮೀಟರಿಗೆ ಸಾವಿರಕ್ಕೂ ಮೇಲ್ಪಟ್ಟು ಜನರಿರುವ ನಾಡು ಅದು. ಊರ ನಡುವೆ ಖಾಲಿ ಉಳಿದ ನೆಲವೆಂದರೆ ಮನೆಗೋ ಗದ್ದೆಗೋ ಬೇಕಾದ ನೆಲ. ಮಳೆಗಾಲದಲ್ಲಿ ನಾಡಿನ ಒಂದು ಭಾಗವು ನೀರಿನಿಂದ ಮುಚ್ಚಿಹೋಗುವುದು. ಈ ಶತಮಾನದ ಆರಂಭದಲ್ಲಿ ಅಲ್ಲಿಯ ಐದು ವರ್ಷಕ್ಕೆ ಕೆಳಗಿನ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಪೋಷಣೆಯ ಕೊರತೆಯಿಂದ ವಯಸ್ಸಿಗೆ ತಕ್ಕ ಎತ್ತರಕ್ಕೆ ಬೆಳೆದಿರಲಿಲ್ಲ. 2022ರ ವೇಳೆಗೆ ಈ ಪ್ರಮಾಣವು ಸುಮಾರು ಕಾಲು ಭಾಗಕ್ಕೆ ಇಳಿದುದು ಆ ದೇಶದ ದೊಡ್ಡ ಸಾಧನೆಯೇ ಸರಿ. ಆದರೆ ಒಲಿಂಪಿಕ್ಕಿನ ಓಟಗಾರನು ಇಪ್ಪತ್ತೈದು ವರ್ಷಗಳ ಹಿಂದೆ ತೊಟ್ಟಿಲಲ್ಲಿದ್ದವನೆಂಬುದನ್ನು ಮರೆಯಲಾಗದು. ಇಂದು ಮಗುವಿಗೆ ಕುಡಿಸಿದ ಹಾಲು ಎರಡು ದಶಕಗಳ ಮೇಲೆ ಬಯಲಿನಲ್ಲಿ ಕಾಣಿಸಿಕೊಳ್ಳುವುದು.

ಇದರ ಮೇಲೆ ಆಟಗಳ ಆಯ್ಕೆಯ ಪ್ರಶ್ನೆ. ಆ ದೇಶದ ರಾಷ್ಟ್ರೀಯ ಆಟವು ಕಬಡ್ಡಿ. ಏಷ್ಯದ ಕೂಟಗಳಲ್ಲಿ ಅದರಿಂದ ಬೆಳ್ಳಿಯೂ ಕಂಚೂ ಬಂದಿವೆ. ಆದರೆ ಒಲಿಂಪಿಕ್ಕಿನಲ್ಲಿ ಕಬಡ್ಡಿಗೆ ಸ್ಥಾನವಿಲ್ಲ. ಜನರು ಪ್ರಾಣವನ್ನೇ ಇಟ್ಟಿರುವುದು ಕ್ರಿಕೆಟ್ಟಿನ ಮೇಲೆ. 2010ರಲ್ಲಿ ಏಷ್ಯದ ಕೂಟದಲ್ಲಿ ಬಂಗ್ಲಾದೇಶವು ಕ್ರಿಕೆಟ್ಟಿನಲ್ಲಿ ಚಿನ್ನವನ್ನೂ ಗೆದ್ದಿತು. ಒಲಿಂಪಿಕ್ಕಿನಲ್ಲಾದರೋ ಕ್ರಿಕೆಟ್ಟನ್ನು ಆಡಿದುದು 1900ರಲ್ಲಿ ಒಮ್ಮೆ ಮಾತ್ರ. 2028ರ ಲಾಸ್ ಏಂಜಲಿಸ್ ಕೂಟಕ್ಕೆ ಮತ್ತೆ ಸೇರಿಸಲು ನಿಶ್ಚಯವಾಗಿದೆ. ಯಾವ ಆಟಗಳು ಲೆಕ್ಕಕ್ಕೆ ಬರಬೇಕೆಂಬುದನ್ನು ಬಹುಮಟ್ಟಿಗೆ ಯೂರೋಪಿನವರೇ ನಿರ್ಣಯಿಸಿದ ಕಾಲದಿಂದ ಈ ಪಟ್ಟಿಯು ನಡೆದುಬಂದಿರುವುದು. ನಮ್ಮ ತಕ್ಕಡಿಯಲ್ಲಿ ತೂಗಿದರೆ ತೂಕ ಬೇರೆ, ಅವರ ತಕ್ಕಡಿಯಲ್ಲಿ ಬೇರೆ.

ಆದರೆ ಎಲ್ಲ ತಪ್ಪನ್ನೂ ತಕ್ಕಡಿಯ ಮೇಲೆ ಹೊರಿಸುವುದು ನ್ಯಾಯವಲ್ಲ. 2002ರಲ್ಲಿ ಮ್ಯಾಂಚೆಸ್ಟರಿನಲ್ಲಿ ನಡೆದ ಕಾಮನ್‌ವೆಲ್ತ್ ಕೂಟದಲ್ಲಿ ಹತ್ತು ಮೀಟರ್ ದೂರದ ಗಾಳಿಬಂದೂಕಿನ ಸ್ಪರ್ಧೆಯಲ್ಲಿ ಚಿನ್ನವನ್ನು ಗೆದ್ದವನು ಬಂಗ್ಲಾದೇಶದ ಆಸಿಫ್ ಹುಸೇನ್ ಖಾನ್ ಎಂಬ ಹುಡುಗ. ಎರಡನೆಯವರಾಗಿ ಬೆಳ್ಳಿಯನ್ನು ಪಡೆದವರು ನಮ್ಮ ಅಭಿನವ ಬಿಂದ್ರಾ. ಆರು ವರ್ಷಗಳ ಮೇಲೆ, 2008ರಲ್ಲಿ, ಬೀಜಿಂಗ್ ಒಲಿಂಪಿಕ್ಕಿನ ಅದೇ ಸ್ಪರ್ಧೆಯಲ್ಲಿ ಬಿಂದ್ರಾ ಅವರು ಚಿನ್ನವನ್ನು ಗೆದ್ದು ಭಾರತದ ಇತಿಹಾಸದಲ್ಲಿ ಸೇರಿದರು; ಆಸಿಫನ ಹೆಸರನ್ನು ಪ್ರಪಂಚವು ಮರೆತಿತು. ಬಿಂದ್ರಾ ಅವರ ಶ್ರಮವೂ ಏಕಾಗ್ರತೆಯೂ ಅಸಾಧಾರಣವಾದುವು. ಅದನ್ನು ನಾವು ಕಿಂಚಿತ್ತೂ ಕಡಮೆ ಮಾಡುವುದಿಲ್ಲ. ಆದರೆ ಮಗನಿಗಾಗಿ ಮನೆಯ ಆವರಣದಲ್ಲಿಯೇ ಗುರಿಯಭ್ಯಾಸದ ಶಾಲೆಯನ್ನು ಕಟ್ಟಿಸಿಕೊಡಬಲ್ಲ ತಂದೆತಾಯಿಗಳೂ, ಯೂರೋಪಿನಲ್ಲಿ ಗುರುಗಳ ಬಳಿ ವರ್ಷಗಟ್ಟಲೆ ಕಲಿಯುವ ಸೌಕರ್ಯವೂ ಅವರಿಗಿದ್ದುವು. ಒಂದೇ ವೇದಿಕೆಯ ಮೇಲೆ ನಿಂತ ಇಬ್ಬರು ಹುಡುಗರಲ್ಲಿ ಮೇಲಿನ ಮೆಟ್ಟಿಲಿನಲ್ಲಿ ನಿಂತವನು ಏಕೆ ಹಿಂದುಳಿದನು ಎಂಬುದರಲ್ಲಿಯೇ ನಮ್ಮ ಪ್ರಶ್ನೆಯ ಬಹುಭಾಗಕ್ಕೆ ಉತ್ತರವಿದೆ. ಪದಕವನ್ನು ಗೆಲ್ಲುವುದು ಒಂದು ದಿನದ ಕೆಲಸ; ಗೆಲ್ಲತಕ್ಕವನನ್ನು ಕಾಪಾಡಿಕೊಂಡು ಬರುವುದು ಹತ್ತು ವರ್ಷಗಳ ಕೆಲಸ. ಮೊದಲನೆಯದನ್ನು ವ್ಯಕ್ತಿಯು ಮಾಡಿಯಾನು. ಎರಡನೆಯದನ್ನು ಮನೆಯೋ, ಶಾಲೆಯೋ, ಸರ್ಕಾರವೋ, ಯಾರಾದರೂ ಮಾಡಬೇಕು.

ಹೀಗೆ ಕಾಪಾಡಿದಲ್ಲಿ ಫಲವು ಕಾಣಿಸದೆ ಇಲ್ಲ. ಆ ದೇಶದಲ್ಲಿ ಬಿಲ್ಲುವಿದ್ಯೆಗೆ ಕೆಲವು ವರ್ಷಗಳಿಂದ ಕ್ರಮವಾದ ಶಿಬಿರವೂ ಜರ್ಮನಿಯಿಂದ ಬಂದ ಗುರುವೂ ದೊರೆತಮೇಲೆ, 2019ರ ವಿಶ್ವಸ್ಪರ್ಧೆಯಲ್ಲಿ ರೋಮನ್ ಸಾನಾ ಎಂಬ ಬಿಲ್ಗಾರರು ಕಂಚನ್ನು ಗೆದ್ದು, ಯಾರ ದಾಕ್ಷಿಣ್ಯವೂ ಇಲ್ಲದೆ ಟೋಕಿಯೋ ಒಲಿಂಪಿಕ್ಕಿಗೆ ಅರ್ಹರಾದರು. ಹೆಣ್ಣುಮಕ್ಕಳ ಕಥೆಯು ಇನ್ನೂ ಸಂತೋಷಕರವಾದುದು. ಮೈಮನಸಿಂಗ್ ಜಿಲ್ಲೆಯ ಕಲಸಿಂದೂರು ಎಂಬ ಹಳ್ಳಿಯ ಪ್ರಾಥಮಿಕ ಶಾಲೆಯ ಬಾಲಿಕೆಯರು, ಸರ್ಕಾರವು ಶಾಲೆಗಳಿಗಾಗಿ ಏರ್ಪಡಿಸಿದ ಕಾಲ್ಚೆಂಡಿನ ಪಂದ್ಯಗಳಲ್ಲಿ ಆಡತೊಡಗಿದರು. ಆ ಒಂದು ಹಳ್ಳಿಯಿಂದಲೇ ಹಲವರು ರಾಷ್ಟ್ರದ ತಂಡವನ್ನು ಸೇರಿದರು. 2022ರಲ್ಲಿಯೂ 2024ರಲ್ಲಿಯೂ ಬಂಗ್ಲಾದೇಶದ ಸ್ತ್ರೀಯರು ದಕ್ಷಿಣ ಏಷ್ಯದ ಕಪ್ಪನ್ನು ಗೆದ್ದರು. 2016ರಲ್ಲಿ ಗುವಾಹಾಟಿಯಲ್ಲಿ ಭಾರ ಎತ್ತುವ ಸ್ಪರ್ಧೆಯಲ್ಲಿ ಚಿನ್ನವನ್ನು ಗೆದ್ದ ಮಾಬಿಯಾ ಅಖ್ತರ್ ಎಂಬ ಕನ್ಯೆಯು ವೇದಿಕೆಯ ಮೇಲೆ ನಿಂತು, ತನ್ನ ದೇಶದ ಗೀತೆಯು ಮೊಳಗುತ್ತಿರಲು ತಡೆಯಲಾರದೆ ಅತ್ತುದನ್ನು ನೋಡಿದವರ ಕಣ್ಣೂ ಒದ್ದೆಯಾದುವು. ಪದಕದ ಬೆಲೆಯನ್ನು ಅದು ಇಲ್ಲದವರೇ ಬಲ್ಲರು.

ಇನ್ನು, ಬಹು ಸಣ್ಣ ದೇಶಗಳು ಗೆದ್ದ ಬಗೆಯನ್ನು ನೋಡೋಣ. ಇಟಲಿಯ ನಡುವೆ ಇರುವ ಸಾನ್ ಮರಿನೋದ ಜನಸಂಖ್ಯೆಯು ಸುಮಾರು 34,000. ನಮ್ಮ ಒಂದು ತಾಲ್ಲೂಕು ಕೇಂದ್ರದಷ್ಟು. 2021ರಲ್ಲಿ ನಡೆದ ಟೋಕಿಯೋ ಕೂಟಕ್ಕೆ ಅದು ಕಳುಹಿಸಿದುದು ಐವರನ್ನು. ಅವರಲ್ಲಿ ಮೂವರು ಪದಕಗಳನ್ನು ಧರಿಸಿ ಮರಳಿದರು. ಪ್ಯಾರಿಸ್ ಕೂಟಕ್ಕೆ ಬಂಗ್ಲಾದೇಶದಿಂದ ಹೋದವರೂ ಐವರೇ ಎಂಬುದನ್ನು ವಾಚಕರು ಗಮನಿಸಬೇಕು. ಅದೇ ಪ್ಯಾರಿಸ್ಸಿನಲ್ಲಿ ಕೆರಿಬಿಯನ್ ಕಡಲಿನ ಸೇಂಟ್ ಲೂಸಿಯ ದ್ವೀಪದ ಜೂಲಿಯನ್ ಆಲ್‌ಫ್ರೆಡ್ ಎಂಬ ಕನ್ಯೆಯು ನೂರು ಮೀಟರಿನ ಓಟವನ್ನು 10.72 ಸೆಕೆಂಡುಗಳಲ್ಲಿ ಮುಗಿಸಿ ಚಿನ್ನವನ್ನು ಗೆದ್ದಳು. ಡೊಮಿನಿಕ ದ್ವೀಪದ ತಿಯ ಲಾಫಾಂಡ್ ಎಂಬಾಕೆಯು ಮೂರು ನೆಗೆತದ ಸ್ಪರ್ಧೆಯಲ್ಲಿ 15.02 ಮೀಟರ್ ಹಾರಿ ಚಿನ್ನವನ್ನು ಪಡೆದಳು. ಎರಡು ದೇಶಗಳಿಗೂ ಅವೇ ಮೊದಲ ಪದಕಗಳು. ಆದರೆ ಇವುಗಳ ಹಿಂದೆ ಒಂದು ವಿಷಾದದ ಅಂಶವೂ ಇದೆ. ಜೂಲಿಯನ್ ತನ್ನ ಹದಿನಾಲ್ಕನೆಯ ವಯಸ್ಸಿನಲ್ಲಿಯೇ ಮನೆಯನ್ನು ಬಿಟ್ಟು ಜಮೈಕಕ್ಕೂ, ಅಲ್ಲಿಂದ ಅಮೇರಿಕದ ವಿಶ್ವವಿದ್ಯಾನಿಲಯಕ್ಕೂ ಹೋಗಬೇಕಾಯಿತು. ತಿಯ ಬೆಳೆದುದೂ ಅಮೇರಿಕದಲ್ಲಿಯೇ. ಹುಟ್ಟಿದ ನೆಲದ ಧ್ವಜವನ್ನು ಹಾರಿಸುವುದಕ್ಕಾಗಿ ಹುಟ್ಟಿದ ನೆಲವನ್ನೇ ಬಿಡಬೇಕಾಗುವುದು ಇಂತಹ ದೇಶಗಳ ಪಾಡು.

ಹಾಗೆ ಬಿಡದೆ ಮನೆಯಲ್ಲಿಯೇ ಗೆಲ್ಲುವ ದಾರಿಯನ್ನು ಜಮೈಕವು ತೋರಿಸಿದೆ. ಅದರ ಜನಸಂಖ್ಯೆಯು ಮೂವತ್ತು ಲಕ್ಷಕ್ಕೂ ಒಳಗಿನದು. ಸಿರಿವಂತ ದೇಶವೂ ಅಲ್ಲ. ಆದರೆ 1910ರಿಂದ ಅಲ್ಲಿಯ ಪ್ರೌಢಶಾಲೆಗಳ ನಡುವೆ ವಾರ್ಷಿಕ ಓಟದ ಕೂಟವು ನಡೆದುಬಂದಿದೆ. ಅದು ನಮ್ಮಲ್ಲಿ ರಥೋತ್ಸವವಿದ್ದಂತೆ. ತಾಯಂದಿರು, ಅಜ್ಜಂದಿರು, ಹಳೆಯ ವಿದ್ಯಾರ್ಥಿಗಳು, ಎಲ್ಲರೂ ತಮ್ಮ ತಮ್ಮ ಶಾಲೆಯ ಬಣ್ಣಗಳನ್ನು ಧರಿಸಿ ರಾಜಧಾನಿಯ ಕ್ರೀಡಾಂಗಣವನ್ನು ತುಂಬುವರು. 1948ರಲ್ಲಿ ಲಂಡನ್ನಿನಲ್ಲಿ ಆರ್ಥರ್ ವಿಂಟ್ ಆ ದೇಶಕ್ಕೆ ಮೊದಲ ಚಿನ್ನವನ್ನು ತಂದರು. ಉಸೇನ್ ಬೋಲ್ಟ್ ಕೂಡ ಹುಡುಗನಾಗಿ ಓಡಿದುದು ಆ ಶಾಲಾಕೂಟದಲ್ಲಿಯೇ. ಓಡುವ ಒಬ್ಬ ಹುಡುಗನೂ ಯಾರ ಕಣ್ಣಿಗೂ ಬೀಳದೆ ಹೋಗದಂತಹ ವ್ಯವಸ್ಥೆಯು ಅಲ್ಲಿ ಏರ್ಪಟ್ಟಿದೆ.

ನಮ್ಮ ದೇಶದ ಕಡೆಗೂ ಒಮ್ಮೆ ತಿರುಗಿ ನೋಡದೆ ಈ ಮಾತನ್ನು ಮುಗಿಸುವುದು ಪ್ರಾಮಾಣಿಕತೆಯಲ್ಲ. 140 ಕೋಟಿ ಜನರ ನಾವು ಪ್ಯಾರಿಸ್ಸಿನಿಂದ ತಂದುದು ಆರು ಪದಕಗಳನ್ನು. 1952ರಲ್ಲಿ ಹೆಲ್ಸಿಂಕಿಯಲ್ಲಿ ಕುಸ್ತಿಯಲ್ಲಿ ಕಂಚನ್ನು ಗೆದ್ದ ಖಾಶಾಬಾ ಜಾಧವರ ಪ್ರಯಾಣಕ್ಕಾಗಿ ಊರಿನವರು ಚಂದಾ ಎತ್ತಿದರು. ಕೊಲ್ಲಾಪುರದ ಅವರ ಕಾಲೇಜಿನ ಪ್ರಿನ್ಸಿಪಾಲರು ಸ್ವಂತ ಮನೆಯನ್ನು ಅಡವಿಟ್ಟರು. ಅವರ ಅನಂತರ ಇನ್ನೊಬ್ಬ ಭಾರತೀಯನು ಒಬ್ಬನೇ ನಿಂತು ಪದಕ ಗೆಲ್ಲುವುದಕ್ಕೆ 1996ರವರೆಗೆ, ಎಂದರೆ 44 ವರ್ಷ, ಕಾಯಬೇಕಾಯಿತು. ಅಷ್ಟು ವರ್ಷಗಳಲ್ಲಿ ಮನೆ ಅಡವಿಡುವ ಪ್ರಿನ್ಸಿಪಾಲರು ಸಿಕ್ಕದೆ ಹೋದ ಜಾಧವರು ಎಷ್ಟು ಮಂದಿಯೋ!

ಇದಕ್ಕೆ ಪ್ರತಿಯಾಗಿ ನಮ್ಮ ಕೊಡಗನ್ನು ನೋಡಿರಿ. ಅಷ್ಟು ಚಿಕ್ಕ ಜಿಲ್ಲೆಯಿಂದ 1972ರ ಮ್ಯೂನಿಕ್ ಕೂಟದ ಕಂಚಿನ ತಂಡದಲ್ಲಿ ಗಣೇಶ್ ಮತ್ತು ಗೋವಿಂದ, 1980ರ ಮಾಸ್ಕೋದ ಚಿನ್ನದ ತಂಡದಲ್ಲಿ ಸೋಮಯ್ಯ, ಹೀಗೆ ಹಾಕಿ ಆಟಗಾರರು ಬಂದರು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಿ ಇಂದು ಮುನ್ನೂರಕ್ಕೂ ಮೇಲ್ಪಟ್ಟ ಮನೆತನಗಳು ಸೇರುವುವು. ಅಜ್ಜನೂ ಮೊಮ್ಮಗನೂ, ಅತ್ತೆಯೂ ಸೊಸೆಯೂ ಒಂದೇ ತಂಡದಲ್ಲಿ ಕೋಲು ಹಿಡಿದು ಆಡುವುದನ್ನು ಅಲ್ಲಿ ಕಾಣಬಹುದು. ಮನೆಯೇ ಆಟದ ಶಾಲೆಯಾದೆಡೆ ಪದಕವು ತಾನಾಗಿ ಹಿಂಬಾಲಿಸುವುದು.

ಕೊನೆಯದಾಗಿ ಒಂದು ಮಾತು. ಇಷ್ಟಕ್ಕೂ ಪದಕವು ಅಷ್ಟು ದೊಡ್ಡದೇ ಎಂದು ಕೇಳುವವರುಂಟು. ಅನ್ನವಿಲ್ಲದವರಿಗೆ ಕಂಚಿನ ಬಿಲ್ಲೆಯಿಂದ ಏನು ಪ್ರಯೋಜನ? ಪ್ರಶ್ನೆಯು ಸರಿಯಾದುದೇ. ಇದಕ್ಕೆ ನಮಗೆ ತೋರುವ ಉತ್ತರವು ಬಂಗ್ಲಾದೇಶದ ಕೆರೆಗಳಲ್ಲಿದೆ. ಬ್ರಜೇನ್ ದಾಸರನ್ನು ಹೆತ್ತ ಆ ನದಿಗಳ ನಾಡಿನಲ್ಲಿ ಎಳೆಯ ಮಕ್ಕಳ ಮರಣಕ್ಕೆ ಮುಖ್ಯ ಕಾರಣಗಳಲ್ಲೊಂದು ನೀರಿನಲ್ಲಿ ಮುಳುಗುವುದು. ತಾಯಿ ಅಡಿಗೆಯ ಕೆಲಸದಲ್ಲಿರುವಾಗ ಮನೆಯ ಹಿಂದಣ ಕೆರೆಗೆ ತೆವಳಿಹೋದ ಕೂಸು ಮರಳುವುದಿಲ್ಲ. ಇದನ್ನು ಕಂಡು ಕೆಲವರು ಹಳ್ಳಿಯ ಕೆರೆಗಳಲ್ಲಿಯೇ ಬಿದಿರಿನ ಅಟ್ಟಣೆಗಳನ್ನು ಕಟ್ಟಿ ಮಕ್ಕಳಿಗೆ ಈಜನ್ನು ಕಲಿಸತೊಡಗಿದರು. ಅಲ್ಲಿ ಅಮೃತಶಿಲೆಯ ಕೊಳವಿಲ್ಲ. ಬಿದಿರು, ನೀರು, ಕಲಿಸುವ ಒಬ್ಬ ತರುಣ ಅಥವಾ ತರುಣಿ, ಅಷ್ಟೆ. ಕಲಿತ ಮಕ್ಕಳಲ್ಲಿ ಯಾರೂ ಒಲಿಂಪಿಕ್ಕಿಗೆ ಹೋಗದಿರಬಹುದು. ಆದರೆ ಅವರು ಬದುಕಿರುವರು. ನೂರು ಮಕ್ಕಳು ಬದುಕುವುದಕ್ಕಾಗಿ ಈಜಿದಲ್ಲಿ ಒಬ್ಬನು ಗೆಲ್ಲುವುದಕ್ಕಾಗಿ ಈಜಿಯಾನು. ಆ ಕ್ರಮವನ್ನು ತಿರುಗುಮುರುಗು ಮಾಡಲಾಗದು. ಪದಕವು ಗುರಿಯಲ್ಲ, ಗುರುತು. ಮಕ್ಕಳಿಗೆ ಹಾಲು, ಬಯಲು, ಗುರು, ಬಿಡುವು ಇವು ನಾಲ್ಕೂ ದೊರೆಯುತ್ತಿವೆಯೆಂಬುದರ ಗುರುತು ಅದು.

ನಮ್ಮನ್ನು ಪ್ರಶ್ನಿಸಿದ ಹುಡುಗನಿಗೆ ನಾವು ಕೊಟ್ಟ ಉತ್ತರವು ಇಷ್ಟು: “ಅವರಿಗೆ ಓಡುವುದಕ್ಕೆ ಬರುತ್ತದಪ್ಪ, ಓಡುವುದನ್ನು ಕಂಡವರಿಲ್ಲ.” ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನು ಓಡುವುದನ್ನು ನೀವು ನೋಡಿದ್ದೀರಾ?” ಎಂದು ಕೇಳಿದನು. ನಿಜವನ್ನು ಹೇಳುವುದಾದರೆ ನಾವು ನೋಡಿರಲಿಲ್ಲ. ಅಂದು ಸಂಜೆ ಪತ್ರಿಕೆಯನ್ನು ಬದಿಗಿಟ್ಟು, ಚಪ್ಪಲಿಯನ್ನು ಮೆಟ್ಟಿ, ಅವನೊಡನೆ ಬಯಲಿಗೆ ಹೋದೆವು.